ಮುಧೋಳ, ಪೀಣ್ಯ, ಉದ್ಯಮಬಾಗ: ಒಬ್ಬ ಟರ್ನರ್‌ನ ಪಗಾರದ ಲೆಕ್ಕ

2012ರಲ್ಲಿ ಐಟಿಐ ಟರ್ನರ್ (ಲೇಥ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಕೆಲಸ) ಮುಗಿಸಿ ಮುಧೋಳದ ಒಂದು ಲೇಥ್ ಅಂಗಡಿಗೆ ಸೇರಿದಾಗ ನನಗೆ ದಿನಕ್ಕೆ 150 ರೂಪಾಯಿ. ರವಿವಾರ ರಜೆ, ಅವತ್ತಿನ ಪಗಾರ ಇಲ್ಲ. ತಿಂಗಳಿಗೆ 3,900 ಕೈಗೆ ಬರುತ್ತಿತ್ತು. ಮನೆಯಲ್ಲೇ ಊಟ, ಸೈಕಲ್ ಮೇಲೆ ಓಡಾಟ. ಖರ್ಚು ಅನ್ನುವುದೇ ಇರಲಿಲ್ಲ.

ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಲೇಥ್ ಅಂಗಡಿಗೆ ಹಗಲು ರಾತ್ರಿ ಇಲ್ಲ. ಟ್ರ್ಯಾಕ್ಟರ್ ಟ್ರೇಲರಿನ ಆಕ್ಸೆಲ್, ಹಬ್, ಆಲೆಮನೆಯ ಗಾಣದ ಬುಷ್, ಪಂಪ್‌ಸೆಟ್ಟಿನ ಶಾಫ್ಟ್, ಎಲ್ಲಾ ಮುರಿದುಕೊಂಡೇ ಬರುತ್ತವೆ. ಡ್ರಾಯಿಂಗ್ ಇರುವುದಿಲ್ಲ. ಸವೆದ ತುಂಡು ಕೈಯಲ್ಲಿ ಹಿಡಿದು, ಹೊಸದಾಗಿದ್ದಾಗ ಇದರ ಅಳತೆ ಎಷ್ಟಿತ್ತು ಎಂದು ಅಂದಾಜು ಕಟ್ಟಿ ಕಡೆಯಬೇಕು. ಮಾಲಕರು ಅವಸರ ಮಾಡಿದರೆ ಬೈಯುತ್ತಿದ್ದರು. "ಕಬ್ಬಿಣ ಆರಲಿ ತಮ್ಮಾ. ಬಿಸಿ ಇದ್ದಾಗ ಅಳತಿ ಸುಳ್ಳ ಹೇಳತೈತಿ." ಆ ಮಾತು ಮುಂದೆ ನನಗೆ ಬೆಂಗಳೂರಿನಲ್ಲಿ ಅನ್ನ ಹಾಕಿತು.

2013ರಲ್ಲಿ ಬೆಂಗಳೂರಿನ ಕಾರ್ಖಾನೆಗಳ ಪ್ರದೇಶ ಪೀಣ್ಯಕ್ಕೆ ಬಂದೆ. ಲಗ್ಗೆರೆಯಲ್ಲಿ ನಾಲ್ಕು ಜನ ಸೇರಿ ಒಂದು ರೂಮು, ತಲೆಗೆ ಸಾವಿರ ಬಾಡಿಗೆ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಡೆಯುವ ಯಂತ್ರ) ಆಪರೇಟರ್ ಕೆಲಸ, ಎಂಟು ತಾಸಿನ ಶಿಫ್ಟಿಗೆ ತಿಂಗಳಿಗೆ 7,500. ದಿನಾ ನಾಲ್ಕು ತಾಸು ಒಟಿ (ಹೆಚ್ಚುವರಿ ದುಡಿಮೆ) ಮಾಡಿದರೆ 11,250. ಊರಲ್ಲಿ ಹೇಳಿದಾಗ ಅಪ್ಪನಿಗೆ ಬಲು ಹಿಗ್ಗು.

ಆದರೆ ಆ ಹೊತ್ತಿಗೆ ನಾನು ಒಂದು ನೋಟುಬುಕ್ ಇಟ್ಟಿದ್ದೆ. ಪಗಾರದ ಜೊತೆ ತಾಸನ್ನೂ ಬರೆಯುತ್ತಿದ್ದೆ. 7,500ನ್ನು 26 ದಿನದ 208 ತಾಸಿಗೆ ಭಾಗಿಸಿದರೆ ತಾಸಿಗೆ 36 ರೂಪಾಯಿ. ಒಟಿ ಸೇರಿಸಿ 312 ತಾಸಿಗೆ 11,250, ಆಗಲೂ ಅದೇ 36. ಆಗಿನ ಕಾರ್ಖಾನೆ ಕಾಯ್ದೆಯ ಪ್ರಕಾರ ಒಟಿಗೆ ದುಪ್ಪಟ್ಟು ಕೊಡಬೇಕಿತ್ತು. ಹಾಗೆ ಕೊಟ್ಟಿದ್ದರೆ ನನ್ನ ಒಟಿಯೇ ಒಂದು ತಿಂಗಳ ಪಗಾರದಷ್ಟಾಗುತ್ತಿತ್ತು. ನಾನಿದ್ದ ಶೆಡ್ಡಿನಲ್ಲಿ ಸಿಂಗಲ್ ಕೊಡುತ್ತಿದ್ದರು, ಕೇಳಿದವರಿಗೆ ನಾಳೆಯಿಂದ ಒಟಿ ಇಲ್ಲ. ಪಗಾರ ಹೆಚ್ಚಾಗಿರಲಿಲ್ಲ, ನಾನು ಹೆಚ್ಚು ತಾಸು ಮಾರುತ್ತಿದ್ದೆ ಅಷ್ಟೆ. ಇದು ಕಾಗದದ ಮೇಲೆ ಕಂಡ ದಿನ ರಾತ್ರಿ ನಿದ್ದೆ ಬರಲಿಲ್ಲ.

ಸಿಟ್ಟಿನಲ್ಲಿ ಕೆಲಸ ಬಿಡಬಹುದು ಅನ್ನುವ ಧೈರ್ಯ ಎಲ್ಲಿಂದ ಬಂತು ಅಂದರೆ ಗೇಟುಗಳಿಂದ. ಪೀಣ್ಯ ಎರಡನೇ ಹಂತದಲ್ಲಿ, ರಾಜಗೋಪಾಲನಗರದ ಕಡೆ ಒಂದು ಸುತ್ತು ನಡೆದರೆ ಗೇಟಿಗೊಂದು ಬೋರ್ಡು: ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ, ವಿಎಂಸಿ (ಇನ್ನೊಂದು ಬಗೆಯ ಸಿಎನ್‌ಸಿ ಯಂತ್ರ) ಸೆಟ್ಟರ್ ಬೇಕಾಗಿದ್ದಾರೆ, ಹೆಲ್ಪರ್ ಬೇಕಾಗಿದ್ದಾರೆ. ಒಂದು ಗೇಟು ಮುಚ್ಚಿದರೆ ನೂರು ಹೆಜ್ಜೆಗೆ ಇನ್ನೊಂದು. ಮುಧೋಳದಲ್ಲಿ ನನ್ನ ಕೆಲಸಕ್ಕೆ ಇದ್ದದ್ದು ಬೆರಳೆಣಿಕೆಯ ಅಂಗಡಿ, ಮಾಲಕರೆಲ್ಲ ಒಬ್ಬರಿಗೊಬ್ಬರು ಪರಿಚಯದವರು. ಅಲ್ಲಿ 150 ಇದ್ದದ್ದು ನನ್ನ ಕೈ ಕೆಟ್ಟದ್ದು ಅಂತಲ್ಲ, ಬಿಟ್ಟು ಹೋಗಲಿಕ್ಕೆ ಇನ್ನೊಂದು ಗೇಟು ಇರಲಿಲ್ಲ ಅಂತ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲೂ ಊರುಗಳನ್ನು ವಲಯಗಳಾಗಿ ಭಾಗ ಮಾಡಿರುವುದನ್ನು, ಬೆಂಗಳೂರು ಮೊದಲ ವಲಯದಲ್ಲಿರುವುದನ್ನು ನಾನು ಆಮೇಲೆ ನೋಡಿದೆ. ಆದರೆ ಪಗಾರ ಏರಿಸುವುದು ಪಟ್ಟಿಗಿಂತ ಪಕ್ಕದ ಗೇಟು ಅನ್ನುವುದು ನಾನು ಕಣ್ಣಾರೆ ಕಂಡದ್ದು.

ಆ ಬೋರ್ಡುಗಳನ್ನೇ ಮೂರು ರವಿವಾರ ಓದಿದ ಮೇಲೆ ಇನ್ನೊಂದು ಗೊತ್ತಾಯಿತು. ಅದೇ ಮಷೀನು, ಅದೇ ಶೆಡ್ಡು, ಆಪರೇಟರ್‌ಗೆ ಒಂದು ಪಗಾರ, ಸೆಟ್ಟರ್‌ಗೆ ಹೆಚ್ಚುಕಡಿಮೆ ಅದರ ಎರಡರಷ್ಟು. ಆಪರೇಟರ್ ಜಾಬ್ (ಕಡೆಯಬೇಕಾದ ತುಂಡು) ಹಾಕಿ ಗುಂಡಿ ಒತ್ತುತ್ತಾನೆ, ಸೆಟ್ಟರ್ ಟೂಲ್ ಕಟ್ಟಿ, ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕೆಂಬ ಅಳತೆ) ತೆಗೆದು ಮೊದಲ ಪೀಸು ಪಾಸು ಮಾಡಿಸುತ್ತಾನೆ. ಒಟಿ ಬಿಟ್ಟೆ. ಆ ನಾಲ್ಕು ತಾಸಿನಲ್ಲಿ ನಮ್ಮ ಸೆಟ್ಟರ್ ಅಣ್ಣನ ಹಿಂದೆ ನಿಂತು ಕಲಿತೆ. ತಿಂಗಳಿಗೆ 3,750 ಕಡಿಮೆಯಾಯಿತು, ಊರಿಗೆ ದುಡ್ಡು ಕಳಿಸುವುದು ನಿಂತಿತು, ಅಪ್ಪ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

2015ರಲ್ಲಿ ಹೆಗ್ಗನಹಳ್ಳಿ ಕ್ರಾಸಿನ ಹತ್ತಿರದ ಒಂದು ಕಂಪನಿಯಲ್ಲಿ ಟ್ರಯಲ್ ಕೊಟ್ಟೆ. ಇಎನ್‌8 ಉಕ್ಕಿನ ಬಾರು, ಬೇರಿಂಗ್ ಕೂರುವ ಜಾಗ 40 ಮಿ.ಮೀ., 39.984ರಿಂದ 40.000ದೊಳಗೆ ಬರಬೇಕು. "ಸೆಟ್ ಮಾಡಿ ತೋರ್ಸಿ" ಅಂದರು ಸೂಪರ್‌ವೈಸರ್. ಮೊದಲು ಅರ್ಧ ಮಿಲಿಮೀಟರ್ ದಪ್ಪ ಉಳಿಯುವಂತೆ ಆಫ್‌ಸೆಟ್ ಕೊಟ್ಟು ಓಡಿಸಿದೆ. ಬಾಗಿಲು ತೆಗೆದು ಜಾಬ್ ಮುಟ್ಟಿದರೆ ಬೆಚ್ಚಗಿತ್ತು. ಮೈಕ್ರೋಮೀಟರ್ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ. ಅವರು ಗಡಿಯಾರ ನೋಡಿದರು, ನಾನು ಕದಲಲಿಲ್ಲ. ಆರಿದ ಮೇಲೆ ಅಳೆದರೆ 40.508. ಆಫ್‌ಸೆಟ್ 0.516 ಇಳಿಸಿ ಮತ್ತೆ ಓಡಿಸಿದೆ, 39.992 ಬಂತು. ಅವತ್ತೇ 15,000ಕ್ಕೆ ಮಾತಾಯಿತು, ತಾಸಿಗೆ 72 ರೂಪಾಯಿ. "ಅಳೆಯೋಕೆ ಮುಂಚೆ ಕಾದ್ರಲ್ಲ, ಅದಕ್ಕೇ ತಗೊಂಡಿದ್ದು" ಎಂದು ಅವರು ಆಮೇಲೆ ಹೇಳಿದರು. ಮುಧೋಳದ ಮಾಲಕರಿಗೆ ಫೋನು ಮಾಡಿ ಹೇಳಿದೆ, ಅವರಿಗೂ ಖುಷಿಯಾಯಿತು.

ಮದುವೆಯಾದ ಮೇಲೆ ಲೆಕ್ಕದ ಪುಟದಲ್ಲಿ ಇನ್ನೊಂದು ಕಾಲಂ ಬಂತು. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್, ಪಗಾರ 8,500. ನನ್ನದು 2018ಕ್ಕೆ 24,000 ಆಗಿತ್ತು. 21,000 ದಾಟಿದ್ದರಿಂದ ನನಗೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇರಲಿಲ್ಲ, ಅವಳಿಗೆ ಇತ್ತು. ಮಗಳು ಹುಟ್ಟಿದಾಗ ಹೆರಿಗೆಯೂ 26 ವಾರದ ರಜೆಯ ದುಡ್ಡೂ ಅವಳ ಕಾರ್ಡಿನ ಮೇಲೆ ಆಯಿತು. ಮನೆಗೆ ದೊಡ್ಡ ಪಗಾರ ತರುವವನು ನಾನು, ಆಸ್ಪತ್ರೆಯ ಖರ್ಚು ತಡೆದದ್ದು ಅವಳ ಸಣ್ಣ ಪಗಾರ. ಇದನ್ನು ನಾನು ಯಾರಿಗಾದರೂ ಒತ್ತಿ ಹೇಳುತ್ತೇನೆ, ಪಗಾರ ಕೇಳುವಾಗ ಪಿಎಫ್, ಇಎಸ್‌ಐ ಇದೆಯಾ ಕೇಳಿ.

2019ರಲ್ಲಿ ಗಾಡಿಗಳ ಮಾರಾಟ ಬಿದ್ದು ಪೀಣ್ಯದಲ್ಲಿ ಶಿಫ್ಟುಗಳು ಕಡಿಮೆಯಾದವು. ಬೋರ್ಡುಗಳು ಒಂದೊಂದೇ ಇಳಿದವು. ಎಲ್ಲ ಗೇಟೂ ಒಂದೇ ಕಸುಬಿನ ಮೇಲೆ ನಿಂತಿದ್ದರೆ ಒಟ್ಟಿಗೇ ಮುಚ್ಚುತ್ತವೆ ಎಂದು ಆಗ ತಿಳಿಯಿತು. ಮರುವರ್ಷ ಲಾಕ್‌ಡೌನ್, ಸಾಮಾನು ಕಟ್ಟಿಕೊಂಡು ಊರಿಗೆ ಹೋದೆವು.

ದೊಡ್ಡಪ್ಪನ ಮಗ, ನನ್ನ ಜೊತೆಗೇ ಐಟಿಐ ಮಾಡಿದವನು, ಊರು ಬಿಟ್ಟಿರಲಿಲ್ಲ. ಹಳೆಯ ಲೇಥ್ ಒಂದು ತಂದು ಅಂಗಡಿ ಹಾಕಿದ್ದ. ಹಂಗಾಮಿನ ನಾಲ್ಕು ತಿಂಗಳು ಅವನು ನನಗಿಂತ ಹೆಚ್ಚು ದುಡಿಯುತ್ತಾನೆ, ಮಳೆಗಾಲದಲ್ಲಿ ಅಂಗಡಿ ಬಾಡಿಗೆಗೂ ತಿಣುಕುತ್ತಾನೆ. ಅವನ ಅಂಗಡಿಯಲ್ಲಿ ನಿಂತಾಗ ಕಂಡದ್ದು ಇದು: ಪೀಣ್ಯದಲ್ಲಿ ನಾನು ಕಲಿತ ಪ್ರೋಗ್ರಾಂಗೆ ಮುಧೋಳದಲ್ಲಿ ಕೊಳ್ಳುವವರಿಲ್ಲ, ಸವೆದ ಬುಷ್ ನೋಡಿ ಅಳತೆ ಹೇಳುವ ಅವನ ಕಣ್ಣಿಗೆ ಪೀಣ್ಯದಲ್ಲಿ ಬೆಲೆಯಿಲ್ಲ.

2021ರಲ್ಲಿ ಬೆಳಗಾವಿಯ ಉದ್ಯಮಬಾಗಕ್ಕೆ ಬಂದೆ. ಫೌಂಡ್ರಿ, ಹೈಡ್ರಾಲಿಕ್ಸ್, ಎರಕದ ಮಾಲು ಕಡೆಯುವ ಶೆಡ್ಡುಗಳು ಇಲ್ಲಿ ತುಂಬ, ನನ್ನ ಕೈಗೆ ಸರಿಯಾದ ಊರು. ಪಗಾರ 22,000ಕ್ಕೆ ಇಳಿಯಿತು. ಬೆಂಗಳೂರಿನ ಕೊನೆಯಲ್ಲಿ ಇಬ್ಬರದೂ ಸೇರಿ 34,500 ಬರುತ್ತಿತ್ತು. ಬಾಡಿಗೆ, ಕರೆಂಟು, ನೀರು 8,000, ಸಂತೆ ಕಿರಾಣಿ 9,000, ಮಗಳನ್ನು ನೋಡಿಕೊಳ್ಳುವ ಅಜ್ಜಿಗೆ 3,000, ಊರಿಗೆ ಹೋಗಿ ಬರುವುದು ಮತ್ತು ಕಳಿಸುವುದು 4,000, ಉಳಿಯುತ್ತಿದ್ದದ್ದು 10,500. ಬೆಳಗಾವಿಯಲ್ಲಿ ಬಾಡಿಗೆ ಕರೆಂಟಿಗೆ 5,000, ಜೋಳ, ಬೇಳೆ ಊರಿಂದ ಬರುವುದರಿಂದ ಕಿರಾಣಿ 6,500, ಉಳಿದದ್ದು ಅದೇ 10,500. ನಾನು ಗೆದ್ದೆ ಅಂದುಕೊಂಡೆ.

ಪುಟ ನೋಡಿ ಹೆಂಡತಿ ಅಂದಳು: "ನನ್ನ ಕಾಲಂ ಖಾಲಿ ಐತಲ್ರೀ. ನನ್ನ ಪಿಎಫ್, ನನ್ನ ಇಎಸ್‌ಐ ಎಲ್ಲಿ ಬರದೀರಿ?" ಉತ್ತರ ಇರಲಿಲ್ಲ. ಅವಳಿಗೆ ಒಪ್ಪುವ ಗಾರ್ಮೆಂಟ್ಸ್ ಕೆಲಸ ನಮ್ಮ ಬಡಾವಣೆಯ ಹತ್ತಿರ ಸಿಗಲಿಲ್ಲ. ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ, ಮದುವೆ ಸೀಜನ್ನಿನಲ್ಲಿ ಕೈತುಂಬ, ಆಷಾಢದಲ್ಲಿ ಇಲ್ಲವೇ ಇಲ್ಲ.

ಹೋದ ತಿಂಗಳು ಪೀಣ್ಯದ ಹಳೆಯ ಸೂಪರ್‌ವೈಸರ್ ಫೋನು ಮಾಡಿ 38,000 ಕೊಡಿಸುತ್ತೇನೆ ಬನ್ನಿ ಅಂದರು. ಹೊಸ ಪುಟ ತೆಗೆದು ಗೆರೆ ಹಾಕಿದೆ. ಈ ಸಲ ಎಡಗಡೆಯ ಮೊದಲ ಕಾಲಂ ಅವಳಿಗೆ ಬಿಟ್ಟಿದ್ದೇನೆ. ಲಗ್ಗೆರೆಯ ಹಳೆಯ ಗೆಳತಿಯರಿಗೆ ಫೋನು ಮಾಡಿ ಈಗ ಟೈಲರ್‌ಗೆ ಎಷ್ಟು ಕೊಡುತ್ತಾರೆ, ಕೂಸಿನಮನೆ ಇದೆಯಾ ಎಂದು ಕೇಳುತ್ತಿದ್ದಾಳೆ. ಅವಳು ತುಂಬಿದ ಮೇಲೆ ನನ್ನದು.