ಸಂಘದ ಕೆಲಸಕ್ಕೆ ಓಪನ್ ಸೋರ್ಸ್ ಜಾಗ: ಜೂಲಿಪ್ ಅಳವಡಿಸಿಕೊಳ್ಳುವುದು ಹೇಗೆ?

ಕನ್ನಡ ಸಂಘವಿರಲಿ, ಕೆರೆ ಉಳಿಸುವ ಗುಂಪಿರಲಿ, ಈಗ ಎಲ್ಲ ಕೆಲಸವೂ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ನಡೆಯುತ್ತದೆ. ರಾಜ್ಯೋತ್ಸವದ ಶಾಮಿಯಾನಾಕ್ಕೆ ಎಷ್ಟು ಕೊಟ್ಟೆವು ಎಂಬ ಲೆಕ್ಕ ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತದೆ. ಈ ವರ್ಷ ಸೇರಿದವರಿಗೆ ಹೋದ ವರ್ಷದ ಮಾತುಕತೆ ಸಿಗುವುದೇ ಇಲ್ಲ.

ಇಂಥ ಸಂಘಗಳಿಗೆ ಜೂಲಿಪ್ ಎಂಬ ಗುಂಪು ಚಾಟ್ ಆ್ಯಪ್ ಚೆನ್ನಾಗಿ ಹೊಂದುತ್ತದೆ. 2015ರಿಂದ ಇದು ಓಪನ್ ಸೋರ್ಸ್, ಅಂದರೆ ಇದರ ಕೋಡ್ ಎಲ್ಲರಿಗೂ ಮುಕ್ತ. ಅಪಾಚೆ 2.0 ಲೈಸೆನ್ಸ್ ಇರುವುದರಿಂದ ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು, ಬೇಕಾದಂತೆ ಬದಲಿಸಿಕೊಳ್ಳಬಹುದು.

ಮೊದಲು ಸಮಿತಿಯವರು ಕೂತು ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಮುಂದಿನ ಕಾರ್ಯಕ್ರಮದ ತಯಾರಿ ಸಾಕು. ಇಡೀ ಸಂಘವನ್ನು ಒಂದೇ ದಿನ ಸಾಗಿಸಲು ಹೊರಟರೆ ಅರ್ಧ ಜನ ಅಲ್ಲಿ, ಅರ್ಧ ಜನ ಇಲ್ಲಿ ಉಳಿದುಬಿಡುತ್ತಾರೆ.

ಎರಡನೆಯದು, ಎಲ್ಲಿ ನಡೆಸುವುದು? ಜೂಲಿಪ್ ಕಂಪನಿಯೇ ನಡೆಸುವ ಕ್ಲೌಡ್ ಇದೆ. ಅದರ ಉಚಿತ ಪ್ಲಾನ್‌ನಲ್ಲಿ ಕೊನೆಯ 10,000 ಮೆಸೇಜುಗಳಷ್ಟೇ ಹುಡುಕಲು ಸಿಗುತ್ತವೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ರಿಯಾಯಿತಿಗೆ ಅರ್ಜಿ ಹಾಕಬಹುದು. ಸ್ವಂತ ಸರ್ವರ್ ಆದರೆ ಉಬುಂಟು ಅಥವಾ ಡೆಬಿಯನ್ (ಎರಡೂ ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ), ಕನಿಷ್ಠ 2 ಜಿಬಿ ರ್‍ಯಾಮ್, ಒಂದು ಡೊಮೈನ್ ಹೆಸರು, ಇಮೇಲ್ ಕಳಿಸುವ ವ್ಯವಸ್ಥೆ ಬೇಕು. ಹಾಕುವುದು ಕಷ್ಟವಲ್ಲ. ತಿಂಗಳ ಬಾಡಿಗೆ ಕಟ್ಟುತ್ತಾ, ಸೆಕ್ಯುರಿಟಿ ಅಪ್‌ಡೇಟ್ ಬಂದಾಗಲೆಲ್ಲ ಹಾಕುತ್ತಾ ಇರಬೇಕು, ಕಷ್ಟ ಇರುವುದು ಅಲ್ಲಿ. ಲಿನಕ್ಸ್ ಗೊತ್ತಿರುವ ಇಬ್ಬರು ಸಂಘದಲ್ಲಿ ಇಲ್ಲದಿದ್ದರೆ ಕ್ಲೌಡ್‌ನಲ್ಲೇ ಶುರು ಮಾಡಿ ಎಂಬುದು ನನ್ನ ಸಲಹೆ. ಮುಂದೆ ಬೇಕೆನಿಸಿದಾಗ ಡೇಟಾ ಎಕ್ಸ್‌ಪೋರ್ಟ್ ಮಾಡಿ ಸ್ವಂತ ಸರ್ವರ್‌ಗೆ ತಂದುಕೊಳ್ಳಬಹುದು. ಓಪನ್ ಸೋರ್ಸ್ ಆರಿಸುವುದೇ ಈ ಬಾಗಿಲು ತೆರೆದಿರಲಿ ಅಂತ ಅಲ್ವಾ?

ಈಗ ಚಾನೆಲ್‌ಗಳು, ಅಂದರೆ ಒಂದೊಂದು ಬಗೆಯ ಮಾತುಕತೆಗೆ ಒಂದೊಂದು ಕೋಣೆ. ಜೂಲಿಪ್‌ನ ನಿಜವಾದ ಶಕ್ತಿ ಇಲ್ಲಿದೆ, ಇದಕ್ಕೆ ಸಮಯ ಕೊಡಿ. ‘ಕಾರ್ಯಕ್ರಮ’, ‘ಲೆಕ್ಕಪತ್ರ’, ‘ಹರಟೆ’ ಅಂತ ಮೂರ್ನಾಲ್ಕು ಸಾಕು. ಪ್ರತಿ ಚಾನೆಲ್ ಒಳಗೂ ವಿಷಯಕ್ಕೊಂದು ಟಾಪಿಕ್ ಇರುತ್ತದೆ: ‘ರಾಜ್ಯೋತ್ಸವ ಊಟ’, ‘ರಾಜ್ಯೋತ್ಸವ ಮೈಕ್’. ಊಟದ ಹೊಣೆ ಹೊತ್ತವರು ಮೈಕ್ ಚರ್ಚೆಯನ್ನು ಮ್ಯೂಟ್ ಮಾಡಿಕೊಳ್ಳಬಹುದು. ಯಾರೋ ತಪ್ಪು ಜಾಗದಲ್ಲಿ ಬರೆದರೆ ಆ ಮೆಸೇಜನ್ನು ಸರಿಯಾದ ಟಾಪಿಕ್‌ಗೆ ಸರಿಸಬಹುದು. ಕೆಲಸ ಮುಗಿದ ಟಾಪಿಕ್‌ಗೆ ‘ಮುಗಿಯಿತು’ ಎಂಬ ಟಿಕ್ ಹಾಕಬಹುದು. ಸಾರ್ವಜನಿಕ ಚಾನೆಲ್ ಆದರೆ ನಾಳೆ ಸೇರುವ ಸದಸ್ಯರೂ ಹಳೆಯ ಮಾತುಕತೆಯನ್ನೆಲ್ಲ ಓದಬಹುದು (ಉಚಿತ ಪ್ಲಾನ್‌ನಲ್ಲಿ ಆ 10,000 ಮೆಸೇಜುಗಳ ಮಿತಿಯೊಳಗೆ). ಟಾಪಿಕ್ ಹೆಸರು ಕನ್ನಡದಲ್ಲೇ ಇಡಿ, ಹುಡುಕುವವರಿಗೆ ಸಲೀಸು.

ಜನರನ್ನು ಕರೆತರುವಾಗ ಅವಸರ ಬೇಡ. ಸುಮ್ನೆ ಲಿಂಕ್ ಕಳಿಸಿದರೆ ಹಿರಿಯರು ಬರುವುದಿಲ್ಲ. ಹಲವರಿಗೆ ತಮ್ಮ ಇಮೇಲ್ ಪಾಸ್‌ವರ್ಡ್ ನೆನಪಿರುವುದಿಲ್ಲ. ಸಭೆ ಮುಗಿದ ಮೇಲೆ ಪಕ್ಕದಲ್ಲಿ ಕೂತು ಅವರ ಫೋನಿನಲ್ಲಿ ಆ್ಯಪ್ ಹಾಕಿಕೊಡಿ, ಒಂದು ಮೆಸೇಜು ಅವರಿಂದಲೇ ಬರೆಸಿ. ವಾಟ್ಸ್‌ಆ್ಯಪ್ ಗ್ರೂಪು ಇರಲಿ ಬಿಡಿ, ಆದರೆ ತೀರ್ಮಾನಗಳು ಜೂಲಿಪ್‌ನಲ್ಲೇ ಆಗಲಿ. ಅಧ್ಯಕ್ಷರು ಇದನ್ನು ಪಾಲಿಸಿದರೆ ಉಳಿದವರೂ ಪಾಲಿಸುತ್ತಾರೆ.

ಫೋನ್ ನಂಬರ್ ಕೊಡದೆಯೇ ಇಲ್ಲಿ ಸೇರಬಹುದು. ಇಮೇಲ್ ಯಾರಿಗೆ ಕಾಣಬೇಕು ಎಂಬುದನ್ನೂ ನಿಗದಿ ಮಾಡಬಹುದು. ಅಪರಿಚಿತರಿಗೆ ನಂಬರ್ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಇಲ್ಲಿನ ಖಾಸಗಿ ಮೆಸೇಜುಗಳಿಗೆ ವಾಟ್ಸ್‌ಆ್ಯಪ್‌ನಂಥ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಬೀಗ) ಇಲ್ಲ. ಸರ್ವರ್ ನಡೆಸುವವರ ಕೈಗೆ ಡೇಟಾ ಸಿಗುತ್ತದೆ. ಸದಸ್ಯರಿಗೆ ಇದನ್ನು ಮೊದಲೇ ತಿಳಿಸಿ.

ಕೊನೆಯದಾಗಿ ಬೀಗದ ಕೈ. ಜೂಲಿಪ್‌ನಲ್ಲಿ ಎಲ್ಲಕ್ಕಿಂತ ಮೇಲಿನ ‘ಓನರ್’ ಅಧಿಕಾರ ಕನಿಷ್ಠ ಇಬ್ಬರಿಗೆ ಇರಲಿ. ಡೊಮೈನ್ ಮತ್ತು ಸರ್ವರ್ ಖಾತೆಗಳು ಯಾರದೋ ಸ್ವಂತ ಇಮೇಲ್‌ನಲ್ಲಿ ಬೇಡ, ಸಂಘದ ಇಮೇಲ್‌ನಲ್ಲಿ ಇರಲಿ. ಸ್ವಂತ ಸರ್ವರ್ ಆದರೆ ಬ್ಯಾಕಪ್ ಬೇರೆ ಕಡೆ ಇಡಿ. ವರ್ಷಕ್ಕೊಮ್ಮೆಯಾದರೂ ಆ ಬ್ಯಾಕಪ್ಪನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ. ಹೊಸ ಸಮಿತಿ ಬಂದಾಗ ಲೆಕ್ಕದ ಪುಸ್ತಕದ ಜೊತೆ ಈ ಖಾತೆಗಳನ್ನೂ ಹಸ್ತಾಂತರಿಸಿ, ನಡಾವಳಿಯಲ್ಲಿ ಬರೆದಿಡಿ.