ಇಪ್ಪತ್ತು ಚರ್ಮದ ಬ್ಯಾಗ್, ಇಪ್ಪತ್ತೂ ಒಂದೇ ಥರ ಬರಬೇಕು ಅಂದರೆ

ಚೆಂದದ ಒಂದು ಚರ್ಮದ ಬ್ಯಾಗ್ ಮಾಡುವವರು ನಮ್ಮ ಕಡೆ ಸುಮಾರು ಜನ ಇದ್ದಾರೆ. ಅದನ್ನೇ ಇಪ್ಪತ್ತು ಸಲ ಮಾಡಬೇಕು, ಅಳತೆ, ಬಣ್ಣ, ಹೊಲಿಗೆ ಒಂದೂ ಬದಲಾಗಬಾರದು ಅಂದಾಗ ಕಷ್ಟ ಶುರುವಾಗುತ್ತದೆ. ಫೋಟೊ ನೋಡಿ ಮೊದಲೇ ದುಡ್ಡು ಕಳಿಸಿದ ಗಿರಾಕಿಗೆ ಫೋಟೊದಲ್ಲಿದ್ದ ಬ್ಯಾಗೇ ಹೋಗಬೇಕು, ಅಲ್ವಾ? ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಕೂತು ಸ್ವಂತ ಬ್ರ್ಯಾಂಡಿನ ಮೊದಲ 20–50 ಬ್ಯಾಗ್ ತೆಗೆಯಬೇಕು ಅಂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲ ಬ್ಯಾಚಿಗೆ ಒಂದೇ ಡಿಸೈನ್, ಹೆಚ್ಚೆಂದರೆ ಎರಡು ಬಣ್ಣ. ಬಣ್ಣ ಒಂದು ಜಾಸ್ತಿ ಆದರೆ ಚರ್ಮ, ದಾರ, ಜಿಪ್, ಅಂಚಿಗೆ ಬಳಿಯುವ ಪೇಂಟ್ ಎಲ್ಲವನ್ನೂ ಇನ್ನೊಂದು ಸಲ ಕೊಳ್ಳಬೇಕು. ದುಡ್ಡೆಲ್ಲ ಸಾಮಾನಿನಲ್ಲೇ ಕೂತುಬಿಡುತ್ತದೆ.

ಈಗ ಚರ್ಮ. ಬ್ಯಾಗಿಗೆ ಬೇಕಾದ ಹದ ಮಾಡಿದ ಚರ್ಮ ನಮಗೆ ಹತ್ತಿರದಲ್ಲಿ ದೊಡ್ಡ ಮಟ್ಟದಲ್ಲಿ ತಯಾರಾಗುವುದು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆಯಲ್ಲಿ. ಬಿಡಿ ವ್ಯಾಪಾರಕ್ಕೆ ಚೆನ್ನೈನ ಪೆರಿಯಮೇಟ್ ಇದೆ. ಮೊದಲ ಸಲ ಫೋನಿನಲ್ಲಿ ತರಿಸಬೇಡಿ, ಹೋಗಿ ಕೈಯಲ್ಲಿ ಮುಟ್ಟಿ ನೋಡಿ. ಸಣ್ಣ ಆರ್ಡರಿಗೆ ಟ್ಯಾನರಿಯವರು (ಚರ್ಮ ಹದ ಮಾಡುವ ಕಾರ್ಖಾನೆಯವರು) ಹೊಸದಾಗಿ ಬಣ್ಣ ಹಾಕಿಕೊಡುವುದು ಕಷ್ಟ, ಹಾಗಾಗಿ ನೀವು ಕೊಳ್ಳುವುದು ಹೆಚ್ಚಾಗಿ ಅಂಗಡಿಯಲ್ಲಿರುವ ಸ್ಟಾಕ್. ಆ ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ ಚರ್ಮದ ರಾಶಿ, ಮುಗಿದರೆ ಮುಗಿಯಿತು. ಮುಂದಿನ ತಿಂಗಳು ಅದೇ ಹೆಸರಿನ ಬ್ರೌನ್ ಕೇಳಿದರೆ ಒಂದು ಛಾಯೆ ಕೆಂಪಗೋ ಕಪ್ಪಗೋ ಬರುತ್ತದೆ, ಅದನ್ನು ಹಳೆಯದರ ಜೊತೆ ಹೊಲಿದರೆ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಇಡೀ ಬ್ಯಾಚಿನ ಚರ್ಮವನ್ನು ಒಂದೇ ಲಾಟ್‌ನಿಂದ, ಒಂದೇ ದಿನ, ಶೇಕಡಾ 10ರಷ್ಟು ಹೆಚ್ಚಿಗೆ ಸೇರಿಸಿ ತಂದುಬಿಡಿ. ಯಾವ ಪ್ರಾಣಿಯ ಚರ್ಮ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ಎಮ್ಮೆಯದೋ ಹಸುವಿನದೋ ಮೇಕೆಯದೋ ಅಂತ ಗಿರಾಕಿ ಕೇಳಿದಾಗ ನಿಜ ಹೇಳಲು ಬರಬೇಕು.

ಹದ ಮಾಡುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಕ್ರೋಮ್ ಉಪ್ಪಿನಿಂದ ಹದ ಮಾಡಿದ್ದು ಮೆತ್ತಗಿರುತ್ತದೆ, ನೀರಿಗೆ ಬೇಗ ಕಲೆಯಾಗುವುದಿಲ್ಲ. ತಂಗಡಿ ತೊಗಟೆ, ಅಳಲೆಕಾಯಿಯಂಥ ಗಿಡಮೂಲದ ಸಾಮಗ್ರಿಯಲ್ಲಿ ಹದ ಮಾಡಿದ್ದು ಗಟ್ಟಿ, ಬಳಸುತ್ತಾ ಬಣ್ಣ ಗಾಢವಾಗುತ್ತದೆ, ಅಂಚು ಉಜ್ಜಿದರೆ ಹೊಳಪು ಬರುತ್ತದೆ, ಆದರೆ ಮಳೆ ಹನಿ ಬಿದ್ದರೆ ಗುರುತು ಉಳಿಯಬಹುದು. ಮೂಡಿಗೆರೆ, ಸಕಲೇಶಪುರದ ಮಳೆಯಲ್ಲಿ ದಿನಾ ಹೆಗಲಿಗೆ ಹಾಕುವ ಬ್ಯಾಗಿಗೆ ಮೈಯೆಲ್ಲ ಕ್ರೋಮ್ ಚರ್ಮ, ಪಟ್ಟಿಗೆ ಗಿಡಮೂಲದ್ದು ಅನ್ನುವುದು ನನ್ನ ಆಯ್ಕೆ. ದಪ್ಪ ಅಳೆಯುವ ಗೇಜ್ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಮೈಗೆ 1.2ರಿಂದ 1.4 ಮಿ.ಮೀ., ಅಂಚು ಮಡಚಿ ಹೊಲಿಯುವ ತುಂಡಿಗೆ 1 ಮಿ.ಮೀ. ಒಳಗೆ, ಒಂದೇ ಪದರದ ಪಟ್ಟಿಗೆ 2.5ರಿಂದ 3 ಮಿ.ಮೀ.

ಎಷ್ಟು ಬೇಕು ಅಂತ ಲೆಕ್ಕ ಹಾಕುವುದು ಹೀಗೆ. ಚರ್ಮವನ್ನು ಚದರ ಅಡಿಯಲ್ಲಿ ಮಾರುತ್ತಾರೆ, ಒಂದು ಚದರ ಅಡಿ ಅಂದರೆ 929 ಚದರ ಸೆಂ.ಮೀ. ಒಂದು ಟೋಟ್ ಬ್ಯಾಗಿನ (ಎರಡು ಪಟ್ಟಿಯ, ಬಾಯಿ ಅಗಲದ ಚೀಲ) ಮುಂದೆ-ಹಿಂದೆ 35×30 ಸೆಂ.ಮೀ. ತುಂಡು ಎರಡು, ಪಕ್ಕ ಮತ್ತು ತಳಕ್ಕೆ ಸೇರಿ 95×12 ಸೆಂ.ಮೀ., 60×4ರ ಎರಡು ಪಟ್ಟಿ, ಒಳಬಾಯಿ ಮತ್ತು ಕಿವಿಗಳಿಗೆ (ಪಟ್ಟಿಯನ್ನು ಬ್ಯಾಗಿಗೆ ಸೇರಿಸುವ ಸಣ್ಣ ತುಂಡುಗಳು) ಒಂದು 700 ಚದರ ಸೆಂ.ಮೀ. ಒಟ್ಟು 4,420, ಅಂದರೆ ಸುಮಾರು 4.8 ಚದರ ಅಡಿ. ಚರ್ಮ ಬಟ್ಟೆಯಂತೆ ಚೌಕವಾಗಿ ಇರುವುದಿಲ್ಲ, ಗಾಯದ ಗುರುತು, ಉಣ್ಣೆ ಹುಳ ಕಚ್ಚಿದ ಕಲೆ, ಸುಕ್ಕು ಎಲ್ಲ ಇರುತ್ತದೆ. ಕಾಲು ಭಾಗ ಹೆಚ್ಚಿಗೆ ಸೇರಿಸಿ. ಬ್ಯಾಗಿಗೆ 6 ಅಡಿ, ಇಪ್ಪತ್ತಕ್ಕೆ 120 ಅಡಿ, ಮೇಲೆ ಹೇಳಿದ ಶೇಕಡಾ 10 ಬೇರೆ.

ಕತ್ತರಿಸುವಾಗ ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ ಅನ್ನುವುದು ತಲೆಯಲ್ಲಿರಲಿ. ಮುಂಭಾಗ ಮತ್ತು ಪಟ್ಟಿ ಬೆನ್ನಿನಿಂದ, ಒಳಗೆ ಅಡಗುವ ತುಂಡುಗಳು ಹೊಟ್ಟೆಯಿಂದ. ಪಟ್ಟಿಯನ್ನು ಹಿಗ್ಗುವ ದಿಕ್ಕಿನಲ್ಲಿ ಕತ್ತರಿಸಿದರೆ ಆರು ತಿಂಗಳಿಗೆ ಬ್ಯಾಗ್ ಸೊಂಟದಿಂದ ಮಂಡಿಗೆ ಇಳಿಯುತ್ತದೆ. ಒಂದು ಬ್ಯಾಗಿನ ಮುಂದೆ, ಹಿಂದೆ, ಪಕ್ಕ ಮೂರೂ ಸಾಧ್ಯವಾದಷ್ಟು ಒಂದೇ ತೊಗಲಿನಿಂದ ತೆಗೆದು, ತುಂಡುಗಳ ಹಿಂದೆ ನಂಬರ್ ಬರೆದು ಕಟ್ಟಿಡಿ. ಪ್ಯಾಟರ್ನನ್ನು ದಪ್ಪ ರಟ್ಟಿನಲ್ಲಿ ಮಾಡಿದರೆ ಇಪ್ಪತ್ತು ಬ್ಯಾಗಿಗೆ ಸಾಕು. ಅದೇ ಬ್ಯಾಗನ್ನು ಮತ್ತೆ ಮತ್ತೆ ಮಾಡುವುದು ಖಚಿತ ಅನ್ನಿಸಿದ ಮೇಲೆ ಸ್ಟೀಲ್ ಡೈ (ಒತ್ತಿದರೆ ತುಂಡು ಕತ್ತರಿಸಿ ಬರುವ ಅಚ್ಚು) ಮಾಡಿಸಿ.

ಎಲ್ಲಕ್ಕಿಂತ ಜಾಸ್ತಿ ಸಮಯ ಸ್ಯಾಂಪಲ್ಲಿಗೆ ಕೊಡಿ. ಮೊದಲನೆಯದು ರೆಕ್ಸಿನ್‌ನಲ್ಲಿ, ಅಳತೆ ನೋಡಲು. ಎರಡನೆಯದು ಅದೇ ದಪ್ಪದ ಅಗ್ಗದ ಚರ್ಮದಲ್ಲಿ, ಮೂರನೆಯದು ನಿಜವಾದ ಚರ್ಮ, ನಿಜವಾದ ಜಿಪ್, ಬಕಲ್ ಹಾಕಿ. ಮೂರನೆಯದಕ್ಕೆ 5 ಕೆ.ಜಿ. ತುಂಬಿ ಒಂದು ದಿನ ಪೂರ್ತಿ ನೇತುಹಾಕಿ. ಬಿಳಿ ಹತ್ತಿ ಬಟ್ಟೆಯಿಂದ ಒಣಗಿದ್ದಾಗ ಒಮ್ಮೆ, ಬಟ್ಟೆ ಒದ್ದೆ ಮಾಡಿ ಒಮ್ಮೆ ಉಜ್ಜಿ, ಬಣ್ಣ ಬಿಟ್ಟರೆ ಆ ಚರ್ಮ ಬೇಡ. ಬಿಳಿ ಅಂಗಿಗೆ ಬಣ್ಣ ಹತ್ತಿಸಿಕೊಂಡ ಗಿರಾಕಿ ವಾಪಸ್ ಬರುವುದಿಲ್ಲ. ಹೀಗೆ ಪಾಸಾದ ಸ್ಯಾಂಪಲ್ಲಿಗೆ ಚೀಟಿ ಕಟ್ಟಿ ಗೋಡೆಗೆ ತೂಗುಹಾಕಿ. ಯಾರು ಎಷ್ಟು ಕೇಳಿದರೂ ಅದನ್ನು ಮಾರಬೇಡಿ. ಪಕ್ಕದಲ್ಲೇ ಒಂದು ಹಾಳೆ: ಚರ್ಮದ ದಪ್ಪ, ದಾರದ ನಂಬರ್, ಹೊಲಿಗೆಯ ಉದ್ದ, ಅಂಚಿನಿಂದ ಹೊಲಿಗೆಗೆ ಎಷ್ಟು ದೂರ, ರಿವೆಟ್ ಎಲ್ಲಿ. ಕೆಲಸ ಮಾಡುವವರು ಬದಲಾದರೂ ಹಾಳೆ ಬದಲಾಗಬಾರದು.

ಮನೆಯ ಹೊಲಿಗೆ ಮೆಷಿನ್‌ನಲ್ಲಿ ಇದು ಆಗದ ಕೆಲಸ. ಪಾದ, ಸೂಜಿ, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಚರ್ಮವನ್ನು ಮುಂದೆ ಸರಿಸುವ ವಾಕಿಂಗ್ ಫೂಟ್ ಮೆಷಿನ್ ಬೇಕು, ಇಲ್ಲದಿದ್ದರೆ ಮೇಲಿನ ಪದರ ಜಾರಿ ಮೂಲೆ ಸೊಟ್ಟಗಾಗುತ್ತದೆ. ಸರ್ವೊ ಮೋಟರ್ ಹಾಕಿಸಿ, ಕರೆಂಟ್ ಕಡಿಮೆ ಎಳೆಯುತ್ತದೆ, ನಿಧಾನ ಹೊಲಿಯಲೂ ಬರುತ್ತದೆ. ಚರ್ಮದ ಮೊನೆಯ ಸೂಜಿ, 18 ಅಥವಾ 20 ನಂಬರ್. ಬಾಂಡೆಡ್ (ಎಳೆ ಬಿಚ್ಚದಂತೆ ಅಂಟಿಸಿದ) ನೈಲಾನ್ ಇಲ್ಲವೇ ಪಾಲಿಯೆಸ್ಟರ್ ದಾರ, ಹೊಲಿಗೆ 3.5ರಿಂದ 4 ಮಿ.ಮೀ. ಚರ್ಮದಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ, ಬಿಚ್ಚಿ ಹೊಲಿಯೋಣ ಅನ್ನುವ ಮಾತೇ ಇಲ್ಲ. ಅದಕ್ಕೇ ಗುಂಡುಪಿನ್ ಬೇಡ, ಕ್ಲಿಪ್ ಹಾಕಿ.

ಹೊಲಿಯುವವರು ಯಾರು? ಹಾಸನದ ಜವಳಿ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ಮೆಷಿನ್ ಮೇಲೆ ಹಿಡಿತ ಇರುವ ಹೆಣ್ಣುಮಕ್ಕಳು ಇದ್ದಾರೆ. ಬಟ್ಟೆಯ ವೇಗ ಬಿಟ್ಟು ಚರ್ಮದ ನಿಧಾನಕ್ಕೆ ಬರಲು ಸ್ವಲ್ಪ ಕಾಲ ಕೊಟ್ಟರೆ ತುಂಬಾ ಚೆನ್ನಾಗಿ ಮಾಡುತ್ತಾರೆ. ಇನ್ನು ಮಡಚುವ ಅಂಚನ್ನು ಅರ್ಧ ಮಿ.ಮೀ.ಗೆ ಕೆರೆದು ತೆಳು ಮಾಡುವ ಕೆಲಸಕ್ಕೆ, ತಲೆಮಾರುಗಳಿಂದ ರಂಪಿಗೆ (ಚರ್ಮ ಕೊಯ್ಯುವ ಕತ್ತಿ), ಉಳಿ ಹಿಡಿದು ಬಂದ ನಮ್ಮ ಚರ್ಮಕಾರರ ಕೈಗೆ ಸಮ ಇಲ್ಲ. ಅವರನ್ನು ಚಪ್ಪಲಿ ರಿಪೇರಿಯ ರೇಟಿಗೆ ಕರೆಯಬೇಡಿ. ದಿನಗೂಲಿ ಸರಿಯಾಗಿ ಕೊಡಿ, ಸ್ಯಾಂಪಲ್ ಮಾಡುವಾಗಲೇ ಜೊತೆಗೆ ಕೂರಿಸಿಕೊಳ್ಳಿ, ಡಿಸೈನಿನಲ್ಲಿ ಎಲ್ಲಿ ತಪ್ಪಿದೆ ಅಂತ ಅವರೇ ಹೇಳುತ್ತಾರೆ. ತರಬೇತಿಗೆ ರಾಜ್ಯ ಸರ್ಕಾರದ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್ ಇದೆ, ಚೆನ್ನೈನಲ್ಲಿ 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ಕೋರ್ಸುಗಳೂ ಇವೆ.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ಯೋಜನೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಆಧಾರದ ಅಂಟು ಮತ್ತು ಅಂಚಿನ ಪೇಂಟ್ ಬೇಗ ಒಣಗುವುದಿಲ್ಲ, ಆತುರಪಟ್ಟು ಎರಡನೇ ಕೋಟ್ ಬಳಿದರೆ ಸಿಪ್ಪೆ ಏಳುತ್ತದೆ. ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಹೀಗಾಗಿ ಆ ತಿಂಗಳುಗಳಲ್ಲಿ ಪ್ಯಾಟರ್ನ್, ಸ್ಯಾಂಪಲ್ ಕೆಲಸ ಇಟ್ಟುಕೊಳ್ಳಿ, ಬ್ಯಾಚ್ ತೆಗೆಯುವುದು ನವೆಂಬರ್‌ನಿಂದ ಮೇ ಒಳಗೆ. ತೊಗಲನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ನೆಲ, ಗೋಡೆ ಎರಡರಿಂದಲೂ ದೂರ ರ‍್ಯಾಕ್ ಮೇಲಿಡಿ, ಫ್ಯಾನ್ ಓಡುತ್ತಿರಲಿ. ಬೂಷ್ಟು ಬಂದರೂ ಸುಡುಬಿಸಿಲಿಗೆ ಹಾಕಬೇಡಿ, ಚರ್ಮ ಒಣಗಿ ಬಿರುಕು ಬಿಡುತ್ತದೆ.

ಬೆಲೆಯ ಲೆಕ್ಕ ಸುಮ್ನೆ ಅಂದಾಜಿನಲ್ಲಿ ಬೇಡ. ಉದಾಹರಣೆಗೆ ಚದರ ಅಡಿಗೆ 120 ರೂಪಾಯಿ ಅಂದುಕೊಂಡರೆ ಚರ್ಮಕ್ಕೇ 720. ಜಿಪ್, ಬಕಲ್‌ಗೆ 150, ಒಳಬಟ್ಟೆ, ಅಂಟು, ದಾರಕ್ಕೆ 130, ಕೂಲಿ 350. ಅಲ್ಲಿಗೆ 1,350. ಬಾಡಿಗೆ, ಕರೆಂಟ್, ಕೆಟ್ಟುಹೋಗುವ ತುಂಡುಗಳಿಗೆ ಇನ್ನೂ ಶೇಕಡಾ 10 ಹಾಕಿ. ಇದರ ಮೇಲೆ ನಿಮ್ಮ ಸಂಬಳವನ್ನೂ ಸೇರಿಸಿ, ಹೆಚ್ಚಿನವರು ಬಿಡುವುದು ಅದನ್ನೇ. ಫೋಟೊ, ಕೊರಿಯರ್, ಜಿಎಸ್‌ಟಿ ಆಮೇಲೆ.

ಮುಗಿದ ಪ್ರತಿ ಬ್ಯಾಗನ್ನೂ ಗೋಡೆಯ ಸ್ಯಾಂಪಲ್ ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ನೋಡಿ. ಜಿಪ್ ಹತ್ತು ಸಲ ಎಳೆಯಿರಿ. ಒಳಗಿನ ಲೇಬಲ್‌ನಲ್ಲಿ ಬ್ಯಾಚ್ ನಂಬರ್ ಹಾಕಿ, ಆ ಲಾಟ್‌ನಲ್ಲಿ ಉಳಿದ ಚರ್ಮಕ್ಕೂ ಅದೇ ನಂಬರ್ ಬರೆದು ಎತ್ತಿಡಿ. ಎರಡು ವರ್ಷ ಬಿಟ್ಟು ಕಿವಿ ಕಿತ್ತ ಬ್ಯಾಗ್ ರಿಪೇರಿಗೆ ಬಂದಾಗ ಅದೇ ಬಣ್ಣದ ತುಂಡು ನಿಮ್ಮ ಹತ್ತಿರ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ.