ಕಿಲ್ಟ್ ಆಮೇಲೆ ನೋಡೋಣ: ಸ್ಕಾಟಿಶ್ ಐಡೆಂಟಿಟಿಯ ಇತಿಹಾಸ ಎಲ್ಲಿಂದ ಓದೋಕೆ ಶುರು ಮಾಡ್ಬೇಕು

ಗ್ಲಾಸ್ಗೋಗೋ ಎಡಿನ್‌ಬರೋಗೋ ಓದೋಕೆ ಹೊರಟಿರೋರು, ಇಲ್ಲಾ ಸುಮ್ನೆ ಇತಿಹಾಸದ ಹುಚ್ಚಿರೋರು, ಎಲ್ಲರಿಗೂ ಬರೋ ಡೌಟ್ ಒಂದೇ: ಈ ಸ್ಕಾಟ್ಲೆಂಡಿನೋರು ಬ್ರಿಟಿಷರು ಹೌದೋ ಅಲ್ವೋ, ಹೌದು ಅಂದ್ರೆ ಇಂಗ್ಲಿಷ್‌ನೋರಾ ಅಂತ ಕೇಳಿದ್ರೆ ಯಾಕೆ ಮುಖ ಸಿಂಡರಿಸ್ತಾರೆ, ಅಲ್ಲ ಅಂದ್ರೆ 2014ರಲ್ಲಿ ಬೇರೆ ದೇಶ ಆಗೋ ಚಾನ್ಸ್ ಸಿಕ್ಕಾಗ ಯಾಕೆ ಬೇಡ ಅಂದ್ರು. ಇದನ್ನ ಅರ್ಥ ಮಾಡ್ಕೊಳ್ಳೋಕೆ ಹೋಗಿ ಜಾಸ್ತಿ ಜನ ಕಿಲ್ಟು (ಅಲ್ಲಿನ ಗಂಡಸರು ಉಡೋ ಚೌಕಳಿ ಲಂಗ), ಬ್ಯಾಗ್‌ಪೈಪು, ಇಂಗ್ಲೆಂಡ್ ವಿರುದ್ಧ ಹೋರಾಡಿದ ವಾಲೇಸ್‌ನ ಸಿನಿಮಾ ಇಂದ ಶುರು ಮಾಡಿ ಅಲ್ಲೇ ಸಿಕ್ಕಾಕೊಳ್ತಾರೆ. ಅವೆಲ್ಲ ಪಕ್ಕಕ್ಕಿಡಿ. ನಾನು ಹೇಳೋ ದಾರಿ ಸ್ವಲ್ಪ ಉಲ್ಟಾ, ಮಧ್ಯದಿಂದ ಶುರು ಮಾಡಿ, ಅಂದ್ರೆ 1707ರಿಂದ.

ಆ ವರ್ಷ ಸ್ಕಾಟ್ಲೆಂಡ್ ಪಾರ್ಲಿಮೆಂಟು ತಾನೇ ವೋಟ್ ಹಾಕಿ ತನ್ನನ್ನ ಮುಚ್ಕೊಂಡು ಲಂಡನ್‌ನಲ್ಲಿ ಸೇರ್ಕೊಳ್ತು. ಯಾಕೆ ಅಂತ ನೋಡೋವಾಗ ಡೇರಿಯನ್ ಕಥೆ ಬಿಡ್ಬೇಡಿ: 1698ರಲ್ಲಿ ಪನಾಮಾದಲ್ಲಿ ಸ್ವಂತ ಕಾಲನಿ ಮಾಡ್ತೀವಿ ಅಂತ ದೇಶದ ದುಡ್ಡಲ್ಲಿ ದೊಡ್ಡ ಪಾಲು ಸುರಿದು, ಜ್ವರದಲ್ಲಿ ಜನ ಸತ್ತು, ಸ್ಪೇನ್‌ನೋರು ಮುತ್ತಿಗೆ ಹಾಕಿ, 1700ಕ್ಕೆ ಎಲ್ಲ ಮುಳುಗಿತ್ತು. ಇಂಗ್ಲೆಂಡ್ ಒಂದು ಕಡೆ ವ್ಯಾಪಾರ ನಿಲ್ಲಿಸ್ತೀನಿ ಅಂತ ಬೆದರಿಸ್ತು, ಇನ್ನೊಂದು ಕಡೆ 3,98,085 ಪೌಂಡ್ ಕೊಡ್ತೀನಿ ಅಂತು, ಅದ್ರಲ್ಲಿ ದೊಡ್ಡ ಪಾಲು ಡೇರಿಯನ್‌ನಲ್ಲಿ ಕೈ ಸುಟ್ಕೊಂಡೋರಿಗೆ. ಬೀದಿ ಜನ ಮಾತ್ರ ಎಡಿನ್‌ಬರೋ, ಗ್ಲಾಸ್ಗೋದಲ್ಲಿ ಗಲಾಟೆ ಎಬ್ಬಿಸಿದ್ರು.

ಇಲ್ಲಿ ಒಂದು ಪಟ್ಟಿ ಮಾಡ್ಕೊಳ್ಳಿ, ಏನು ಹೋಯ್ತು ಅನ್ನೋದಲ್ಲ, ಏನು ಉಳೀತು ಅನ್ನೋದು. ಸ್ಕಾಟಿಶ್ ಕಾನೂನು, ಕೋರ್ಟು, ಪ್ರೆಸ್ಬಿಟೇರಿಯನ್ (ಬಿಷಪ್‌ಗಳಿಲ್ಲದ ಪ್ರೊಟೆಸ್ಟಂಟ್) ಚರ್ಚು, ಹಳ್ಳಿ ಹಳ್ಳಿಯ ಶಾಲೆ, ಯೂನಿವರ್ಸಿಟಿಗಳು, ಇವ್ಯಾವುದೂ ಲಂಡನ್ ಕೈಗೆ ಹೋಗ್ಲಿಲ್ಲ. ಒಬ್ಬ ಸಾಮಾನ್ಯ ಮನುಷ್ಯನಿಗೆ ಹುಟ್ಟಿದಾಗಿನಿಂದ ಸಾಯೋವರೆಗೆ ಸರ್ಕಾರಕ್ಕಿಂತ ಚರ್ಚು, ಶಾಲೆ, ಲೋಕಲ್ ಕೋರ್ಟೇ ಜಾಸ್ತಿ ಎದುರಾಗ್ತಿತ್ತು, ಹಂಗಾಗಿ ದಿನದ ಬದುಕು ಸ್ಕಾಟಿಶ್ ಆಗೇ ಉಳೀತು. ನನ್ನ ಪ್ರಕಾರ ಇಡೀ ವಿಷಯದ ಬೀಗದ ಕೈ ಇದೇ, ಟಾರ್ಟನ್ (ಕಿಲ್ಟಿನ ಚೌಕಳಿ ಬಟ್ಟೆ) ಅಲ್ಲ. ಬ್ಯಾಂಕ್ ನೋಟನ್ನೂ ಸೇರಿಸ್ಕೊಳ್ಳಿ, 1826ರಲ್ಲಿ ಲಂಡನ್ ಸ್ಕಾಟಿಶ್ ಬ್ಯಾಂಕುಗಳೇ ಅಚ್ಚು ಹಾಕ್ತಿದ್ದ ಸಣ್ಣ ನೋಟುಗಳನ್ನ ನಿಲ್ಲಿಸೋಕೆ ಹೊರಟಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಪೇಪರಲ್ಲಿ ಬರೆದು ಬರೆದು ತಡೆದ, ಇವತ್ತು ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ನೋಟಿನ ಮೇಲೆ ಅವನದೇ ಮುಖ.

ಇದು ತಲೇಲಿ ಕೂತ ಮೇಲೆ ಹಿಂದಕ್ಕೆ ಹೋಗಿ. ತುಂಬ ಹಿಂದೆ ಹೋಗಿ ಒಂದು ಜನಾಂಗ, ಒಂದು ಭಾಷೆ ಹುಡುಕ್ಬೇಡಿ, ಸಿಗಲ್ಲ. ಪಿಕ್ಟ್, ಗೇಲ್, ಬ್ರಿಟನ್, ಆಂಗಲ್, ನಾರ್ಸ್ ಅನ್ನೋ ಜನರೆಲ್ಲ ಕಲಸಿದ ರಾಜ್ಯ ಅದು, ಆರ್ಕ್ನಿ, ಶೆಟ್‌ಲೆಂಡ್ ದ್ವೀಪಗಳಂತೂ 1468-69ರಲ್ಲಿ ಡೆನ್ಮಾರ್ಕ್ ರಾಜ ಮಗಳ ವರದಕ್ಷಿಣೆಗೆ ಅಡ ಇಟ್ಟಿದ್ದು, ಬಿಡಿಸ್ಕೊಳ್ಳಲೇ ಇಲ್ಲ. ಗಮನ ಕೊಡಬೇಕಾಗಿರೋದು 1286ರಿಂದ 1328ರ ನಡುವೆ. ರಾಜ ಅಲೆಕ್ಸಾಂಡರ್ ಸತ್ತು ಸಿಂಹಾಸನಕ್ಕೆ ಕಿತ್ತಾಟ, ಇಂಗ್ಲೆಂಡಿನ ರಾಜ ಎಡ್ವರ್ಡ್ ನುಗ್ಗಿದ್ದು, 1297ರಲ್ಲಿ ಸ್ಟರ್ಲಿಂಗ್ ಸೇತುವೆ, 1314ರಲ್ಲಿ ಬ್ಯಾನಕ್‌ಬರ್ನ್ (ಎರಡೂ ಸ್ಕಾಟರು ಗೆದ್ದ ಯುದ್ಧ), 1320ರಲ್ಲಿ ಪೋಪ್‌ಗೆ ಬರೆದ ಆರ್ಬ್ರೋತ್ ಪತ್ರ. ಈ ಪತ್ರ ಅನುವಾದದಲ್ಲಾದ್ರೂ ಪೂರ್ತಿ ಓದಿ, ಚಿಕ್ಕದೇ. ನಮ್ಮಲ್ಲಿ ನೂರು ಜನ ಉಳಿದಿರೋವರೆಗೂ ಇಂಗ್ಲಿಷರಿಗೆ ತಲೆಬಾಗಲ್ಲ ಅನ್ನೋ ಸಾಲನ್ನ ಎಲ್ಲರೂ ಕೋಟ್ ಮಾಡ್ತಾರೆ, ಆದ್ರೆ ಅದಕ್ಕಿಂತ ಖಡಕ್ ಮಾತು ಅದರ ಸ್ವಲ್ಪ ಮೇಲಿದೆ: ನಮ್ಮ ರಾಜ ರಾಬರ್ಟ್ ಬ್ರೂಸೇ ನಮ್ಮನ್ನ ಇಂಗ್ಲೆಂಡಿಗೆ ಒಪ್ಪಿಸೋಕೆ ಹೋದ್ರೆ ಅವನನ್ನೂ ಓಡಿಸಿ ಬೇರೆ ರಾಜನ್ನ ಮಾಡ್ಕೊಳ್ತೀವಿ ಅಂತ. ಹಂಗಂತ ಇದನ್ನ ಪ್ರಜಾಪ್ರಭುತ್ವ ಅನ್ಕೋಬೇಡಿ, ಬರೆಸಿದೋರೆಲ್ಲ ಜಮೀನ್ದಾರರು, ಬ್ರೂಸ್ ಕೂಡ ಒಂದು ಕಾಲಕ್ಕೆ ಎಡ್ವರ್ಡ್‌ಗೆ ಶರಣಾಗಿ ಬಂದೋನೇ.

ಆಮೇಲೆ 1560ರ ಧರ್ಮಸುಧಾರಣೆ, 1603ರಲ್ಲಿ ಎರಡೂ ದೇಶಕ್ಕೆ ಒಬ್ನೇ ರಾಜ ಆಗಿದ್ದು, 1638ರ ಕವೆನೆಂಟ್ (ರಾಜ ಚರ್ಚಿನಲ್ಲಿ ಕೈ ಹಾಕೋದನ್ನ ವಿರೋಧಿಸಿ ಸಹಿ ಹಾಕಿದ ಪ್ರತಿಜ್ಞೆ), ಇವನ್ನ ಮೊದಲ ಸಲ ಬೇಗ ದಾಟಿ. ಚರ್ಚು ದೇಶದ ಗುರುತಾಗಿದ್ದು ಈ ಕಾಲದಲ್ಲಿ ಅಂತ ಗೊತ್ತಿದ್ರೆ ಸಾಕು.

ಈಗ ಕಿಲ್ಟ್ ತೆಗೀಬಹುದು. ಬಹಳ ಕಾಲ ಲೋಲ್ಯಾಂಡ್‌ನ (ತಗ್ಗಿನ ಬಯಲು ಸೀಮೆ) ಊರಿನೋರಿಗೆ ಹೈಲ್ಯಾಂಡರ್ (ಬೆಟ್ಟ ಸೀಮೆಯೋರು) ಅಂದ್ರೆ ಬೆಟ್ಟದಿಂದ ಇಳಿದು ದನ ಕದಿಯೋ ಕಾಡುಜನ, ಹೀರೋ ಅಲ್ಲ. 1746ರ ಕಲೋಡನ್ ಯುದ್ಧ ಓದೋವಾಗ ಸ್ಕಾಟ್ ವರ್ಸಸ್ ಇಂಗ್ಲಿಷ್ ಅಂತ ಬರ್ಕೊಂಡ್ರೆ ತಪ್ಪು, ಸರ್ಕಾರದ ಕಡೇನೂ ಸ್ಕಾಟರಿದ್ರು, ಜಗಳ ಪಟ್ಟ ಕಳ್ಕೊಂಡಿದ್ದ ಸ್ಟುವರ್ಟ್ ರಾಜವಂಶ ಸಿಂಹಾಸನ ವಾಪಸ್ ಕೇಳಿದ್ದಕ್ಕೆ. ಹೈಲ್ಯಾಂಡರ್‌ಗಳು ಜಾಸ್ತಿ ಇದ್ದ ಸ್ಟುವರ್ಟ್ ಕಡೆ ಸೋತ ಮೇಲೆ ಹೈಲ್ಯಾಂಡ್ ಡ್ರೆಸ್ ಗಂಡಸರಿಗೆ ಬ್ಯಾನ್, ಸೈನ್ಯದಲ್ಲಿ ಇದ್ರೆ ಮಾತ್ರ ಪರ್ಮಿಷನ್, 1782ರವರೆಗೂ ಹಂಗೇ. ಭಯ ಹೋದ ಮೇಲೆ ಪ್ರೀತಿ ಬಂತು ನೋಡಿ, 1822ರಲ್ಲಿ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಅದೇ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ಉಡಿಸಿ ದೊಡ್ಡ ಶೋ ಮಾಡ್ದ, ದಪ್ಪ ರಾಜನೂ ಕಿಲ್ಟ್ ಹಾಕ್ಕೊಂಡ. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಅನ್ನೋದು ಗಟ್ಟಿಯಾಗಿದ್ದು ಹೆಚ್ಚುಕಮ್ಮಿ ಆವಾಗ್ಲೇ. ಇದರ ಪಕ್ಕದಲ್ಲೇ ಹೈಲ್ಯಾಂಡ್‌ನ ಸದರ್ಲೆಂಡ್ ಸೀಮೆಯ ಸುದ್ದಿ ಇಟ್ಕೊಂಡು ಓದಿ, ಅದೇ ಹೊತ್ತಿಗೆ ಜಮೀನ್ದಾರರು ಅಸಲಿ ಹೈಲ್ಯಾಂಡರ್‌ಗಳ ಮನೆ ಖಾಲಿ ಮಾಡಿಸಿ ಕುರಿ ಮೇಯಿಸ್ತಿದ್ರು. ನನಗೆ ಈ ಭಾಗ ಓದಿದಾಗೆಲ್ಲ ಸಿಟ್ಟೇ ಬರುತ್ತೆ.

ಬ್ರಿಟಿಷ್ ಅನ್ನೋ ಎರಡನೇ ಗುರುತು ಹೆಂಗೆ ಅಂಟ್ಕೊಳ್ತು ಅಂತ ನೋಡೋಕೆ ನಮ್ಮ ಶ್ರೀರಂಗಪಟ್ಟಣವೇ ಸಾಕು. 1799ರಲ್ಲಿ ಕೋಟೆ ಮೇಲೆ ದಾಳಿ ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್, ಹಿಂದೆ ಅದೇ ಊರಲ್ಲಿ ಸೆರೆಯಾಗಿದ್ದೋನು. ಮೈಸೂರು ಸರ್ವೆ ಮಾಡಿದ ಕಾಲಿನ್ ಮೆಕೆಂಜಿ ಲೂಯಿಸ್ ದ್ವೀಪದೋನು, ಕೆನರಾ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಗ್ಲಾಸ್ಗೋದೋನು. ನಮಗೆ ಎಲ್ಲರೂ ಇಂಗ್ಲಿಷರೇ, ಅವರಿಗೆ ಮಾತ್ರ ಎಂಪೈರ್ ಅಂದ್ರೆ ಸ್ಕಾಟರಾಗೇ ಉಳಿದು ಕೆಲಸ, ದುಡ್ಡು, ಹೆಸರು ಮಾಡೋ ಜಾಗ. ಹಂಗಾಗಿ ಎಂಪೈರ್ ಕರಗಿ, ಕ್ಲೈಡ್ ನದಿಯ ಹಡಗು ಕಟ್ಟೋ ಯಾರ್ಡು, ಗಣಿಗಳೆಲ್ಲ ಮುಚ್ಚೋಕೆ ಶುರುವಾದಾಗ ಬ್ರಿಟಿಷ್ ಅನ್ನೋದರ ಲಾಭವೂ ಕಮ್ಮಿ ಆಯ್ತು.

ಅಲ್ಲಿಂದ ಮುಂದಕ್ಕೆ ವೋಟಿನ ಲೆಕ್ಕ ಹಿಡಿದು ಹೋಗಿ. 1934ರಲ್ಲಿ ಎಸ್‌ಎನ್‌ಪಿ (ಸ್ಕಾಟ್ಲೆಂಡ್ ಬೇರೆ ದೇಶ ಆಗ್ಬೇಕು ಅನ್ನೋ ಪಕ್ಷ) ಹುಟ್ತು, 1970ರ ದಶಕದಲ್ಲಿ ನಾರ್ತ್ ಸೀ ಎಣ್ಣೆ ಅದಕ್ಕೆ ಬಲ ಕೊಡ್ತು. ಸ್ಕಾಟ್ಲೆಂಡಿಗೆ ತನ್ನದೇ ಅಸೆಂಬ್ಲಿ ಬೇಕಾ ಅನ್ನೋ 1979ರ ರೆಫರೆಂಡಮ್‌ನಲ್ಲಿ ವೋಟ್ ಹಾಕಿದೋರಲ್ಲಿ 51.6% ಹೌದು ಅಂದ್ರೂ, ಪಟ್ಟಿಯಲ್ಲಿರೋ ಒಟ್ಟು ಮತದಾರರಲ್ಲಿ 40% ಹೌದು ಅನ್ಬೇಕು ಅನ್ನೋ ರೂಲ್‌ಗೆ ಬಿದ್ದೋಯ್ತು. ಪ್ರಧಾನಿ ಥ್ಯಾಚರ್ ಕಾಲದಲ್ಲಿ ಪೋಲ್ ಟ್ಯಾಕ್ಸ್ (ತಲೆಗಿಷ್ಟು ಅನ್ನೋ ತೆರಿಗೆ) ಸ್ಕಾಟ್ಲೆಂಡಿಗೆ ಇಂಗ್ಲೆಂಡಿಗಿಂತ ಒಂದು ವರ್ಷ ಮುಂಚೆನೇ ಹಾಕಿದ್ರು, ಆ ಕೋಪ ಸೇರಿ 1997ರ ರೆಫರೆಂಡಮ್‌ನಲ್ಲಿ ಸ್ವಂತ ಪಾರ್ಲಿಮೆಂಟಿಗೆ 74.3% ಹೌದು, 1999ಕ್ಕೆ ಪಾರ್ಲಿಮೆಂಟ್ ವಾಪಸ್.

ಬೇರೆ ದೇಶ ಆಗ್ಬೇಕಾ ಅನ್ನೋ 2014ರ ವೋಟಿನ ಫಲಿತಾಂಶ, 55.3% ಬೇಡ 44.7% ಬೇಕು, ನೋಡೋವಾಗ ಯಾರು ವೋಟ್ ಹಾಕಿದ್ರು ಅನ್ನೋದನ್ನೂ ನೋಡಿ. ರೂಲ್ ಇದ್ದಿದ್ದು ವಾಸದ ಮೇಲೆ, ರಕ್ತದ ಮೇಲಲ್ಲ, ವಯಸ್ಸು 16 ಆಗಿದ್ರೆ ಸಾಕು. ಗ್ಲಾಸ್ಗೋದಲ್ಲೇ ಹುಟ್ಟಿ ಲಂಡನ್‌ನಲ್ಲಿ ಮನೆ ಮಾಡ್ಕೊಂಡಿದ್ದೋರಿಗೆ ವೋಟಿಲ್ಲ. ಕಾಮನ್‌ವೆಲ್ತ್ ದೇಶದ ಪ್ರಜೆ ಅನ್ನೋ ಲೆಕ್ಕದಲ್ಲಿ, ಅಲ್ಲಿ ವೀಸಾ ಮೇಲೆ ವಾಸ ಇದ್ದು ಹೆಸರು ನೋಂದಾಯಿಸಿದ್ದ ಇಂಡಿಯನ್ ಪಾಸ್‌ಪೋರ್ಟ್‌ನೋರಿಗೆ ಇತ್ತು.